ಆಹ್ವಾನ ಪತ್ರದ ಕೊನೆಯ ಪ್ಯಾರಾ

ವಿಜ್ಞಾನ ಕಾರ್ಯಾಗಾರದ ಆಹ್ವಾನ ಪತ್ರ ಕೈಗೆ ಬಂದಾಗ ಎಲ್ಲರೂ ಮೊದಲು ನೋಡುವುದು ವಿಷಯ ಏನೆಂದು, ಆಮೇಲೆ ಯಾರು ಯಾರು ಮಾತಾಡುತ್ತಾರೆಂದು. ಪತ್ರ ಬರೆಯುವವರೂ ಆ ಎರಡರ ಮೇಲೆಯೇ ಶ್ರಮ ಹಾಕಿರುತ್ತಾರೆ. ಕೊನೆಯಲ್ಲಿ ಒಂದು ಪ್ಯಾರಾ ಇರುತ್ತದೆ, ಪ್ರಯಾಣ ಮತ್ತು ವಸತಿಯದು. ಹೊರಊರಿನವರಿಗೆ ಗೆಸ್ಟ್ ಹೌಸಿನಲ್ಲಿ ವ್ಯವಸ್ಥೆ ಮಾಡಲಾಗುವುದು, ಪ್ರಯಾಣ ವೆಚ್ಚವನ್ನು ನಿಯಮಾನುಸಾರ ಮರುಪಾವತಿಸಲಾಗುವುದು, ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಸಿಗುತ್ತದೆ. ಇಷ್ಟೇ. ಹೋಗಿಬಂದವರು ಬರೆಯುವ ವರದಿಗಳಲ್ಲಿ ಈ ಪ್ಯಾರಾದ ಸುದ್ದಿಯೇ ಬರುವುದಿಲ್ಲ. ಕವಿತೆ, ನಾಟಕ, ಸಿನಿಮಾಗಳನ್ನು ಎಳೆ ಎಳೆಯಾಗಿ ನೋಡುವ ನಮ್ಮ ವಿಮರ್ಶೆ ಇದನ್ನು ತನ್ನ ವ್ಯಾಪ್ತಿಗೆ ಸೇರಿದ್ದೆಂದು ಎಣಿಸಿಲ್ಲ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತ್ಯಂತ ಗಂಭೀರವಾಗಿ ಓದಬೇಕಾದ ಭಾಗ ಅದೇ. ಯಾರು ಬರಬಲ್ಲರು, ಬಂದವರು ಯಾರ ಪಕ್ಕ ಕೂತು ಉಣ್ಣುತ್ತಾರೆ, ರಾತ್ರಿ ಹನ್ನೊಂದರವರೆಗೆ ಕಪ್ಪುಹಲಗೆಯ ಮುಂದೆ ನಿಂತು ವಾದಿಸಬಹುದೋ ಅಥವಾ ಕೊನೆಯ ಬಸ್ಸಿಗೆ ಓಡಬೇಕೋ, ಇವೆಲ್ಲ ತೀರ್ಮಾನವಾಗುವುದು ಅಲ್ಲಿ.

ಇದು ಉತ್ಪ್ರೇಕ್ಷೆ ಅನ್ನಿಸಿದರೆ ಭೌತವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧವಾದ ಒಂದು ಕೂಟವನ್ನು ನೋಡಬಹುದು. 1947ರ ಜೂನ್ 2ರಿಂದ 4ರವರೆಗೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ತುದಿಯಲ್ಲಿರುವ ಶೆಲ್ಟರ್ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ, ರ‍್ಯಾಮ್ಸ್ ಹೆಡ್ ಇನ್ ಎಂಬ ಹೋಟೆಲಿನಲ್ಲಿ, ಸುಮಾರು 25 ಮಂದಿ ಸೇರಿದರು. ಓಪನ್‌ಹೈಮರ್, ಬೆಥೆ, ಫೈನ್‌ಮನ್, ಶ್ವಿಂಗರ್ ಎಲ್ಲ ಒಂದೇ ಸೂರಿನಡಿ. ಬಹುಪಾಲು ಮಂದಿ ನಗರದಿಂದ ಒಟ್ಟಿಗೆ ಬಸ್ಸಿನಲ್ಲಿ ಹೋದರು, ದಾರಿಯಲ್ಲಿ ಮೋಟಾರ್‌ಸೈಕಲ್ ಪೊಲೀಸರು ಬೆಂಗಾವಲಿಗೆ ಬಂದರು. ಹೈಡ್ರೋಜನ್ ಪರಮಾಣುವಿನ ಎರಡು ಶಕ್ತಿಮಟ್ಟಗಳು ಒಂದೇ ಆಗಿರಬೇಕೆಂದು ಡಿರಾಕ್ ಸಿದ್ಧಾಂತ ಹೇಳುತ್ತಿದ್ದರೂ ಅವುಗಳ ನಡುವೆ ಸುಮಾರು 1,000 ಮೆಗಾಹರ್ಟ್ಸ್ ಅಂತರ ಕಂಡಿದೆ ಎಂದು ವಿಲ್ಲಿಸ್ ಲ್ಯಾಂಬ್ ವರದಿ ಮಾಡಿದ್ದು ಅಲ್ಲೇ. ಕೂಟ ಮುಗಿಸಿ ನ್ಯೂಯಾರ್ಕಿನಿಂದ ಷೆನೆಕ್ಟಡಿಗೆ ಹೊರಟ ಹಾನ್ಸ್ ಬೆಥೆ ರೈಲಿನಲ್ಲೇ ಕೂತು ಆ ಅಂತರಕ್ಕೆ ಲೆಕ್ಕ ಹಾಕಿಬಿಟ್ಟರು. ಕ್ವಾಂಟಂ ವಿದ್ಯುತ್‌ಗತಿವಿಜ್ಞಾನ ಮತ್ತೆ ಚಿಗುರಿದ್ದು ಆ ಲೆಕ್ಕದಿಂದ. ಮೂರು ದಿನ ಒಂದೇ ಹೋಟೆಲಿನಲ್ಲಿ ಉಂಡು, ಮಲಗಿ, ಮಾತಾಡಿದ ಬಿಸಿ ಇನ್ನೂ ಆರದಿರುವಾಗ ಹುಟ್ಟಿದ ಲೆಕ್ಕ ಅದು. ಅವರೆಲ್ಲ ದಿನಾ ಸಂಜೆ ತಂತಮ್ಮ ಮನೆಗೆ ಹೋಗಿ ಬೆಳಿಗ್ಗೆ ಬರುವಂತಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಾನು ಸಾಧಿಸಿ ತೋರಿಸಲಾರೆ. ಆದರೆ ಅದನ್ನು ಏರ್ಪಡಿಸಿದವರು ಊರಾಚೆಯ ಹೋಟೆಲನ್ನು ಹುಡುಕಿದ್ದು ಆಕಸ್ಮಿಕವಲ್ಲ. ಮರುವರ್ಷ ಪೊಕೊನೊ ಬೆಟ್ಟಸೀಮೆಯಲ್ಲಿ, 1949ರಲ್ಲಿ ಓಲ್ಡ್‌ಸ್ಟೋನಿನಲ್ಲಿ ಮುಂದಿನ ಕೂಟಗಳು ನಡೆದಾಗಲೂ ಅದೇ ಮಾದರಿಯನ್ನು ಉಳಿಸಿಕೊಂಡರು.

ಒಟ್ಟಿಗೆ ಇರುವುದನ್ನೇ ಒಂದು ಕಲೆಯ ಮಟ್ಟಕ್ಕೆ ಒಯ್ದದ್ದು ಜರ್ಮನಿಯ ಓಬರ್‌ವೋಲ್ಫಾಖ್. ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಒಂದು ಹಳ್ಳಿ ಅದು. 1944ರಲ್ಲಿ ವಿಲ್ಹೆಲ್ಮ್ ಸ್ಯೂಸ್ ಎಂಬ ಗಣಿತಜ್ಞ ಅಲ್ಲಿನ ಹಳೆಯ ಬಂಗಲೆಯೊಂದರಲ್ಲಿ ಆರಂಭಿಸಿದ ಸಂಸ್ಥೆ ಇವತ್ತು ಗಣಿತಲೋಕಕ್ಕೆಲ್ಲ ಪರಿಚಿತ. ವಾರಕ್ಕೊಂದು ಕಾರ್ಯಾಗಾರ, ಸುಮಾರು 50 ಮಂದಿ. ಭಾನುವಾರ ಬಂದು ಶನಿವಾರ ಹೊರಡಬೇಕು. ಆಫೆನ್‌ಬುರ್ಗಿನಿಂದ ಕಣಿವೆಯ ರೈಲು ಹಿಡಿದು ಹೌಸಾಖ್ ಅಥವಾ ವೋಲ್ಫಾಖ್‌ನಲ್ಲಿ ಇಳಿದು ಅಲ್ಲಿಂದ ಟ್ಯಾಕ್ಸಿ ಮಾಡಿಕೊಳ್ಳಬೇಕು. ತಲುಪಿದ ಮೇಲೆ ಬೇರೆಲ್ಲಿಗೂ ಹೋಗುವ ಪ್ರಮೇಯವಿಲ್ಲ. ಗೆಸ್ಟ್ ಹೌಸು, ಗ್ರಂಥಾಲಯ, ಉಪನ್ಯಾಸದ ಕೋಣೆ, ಊಟದ ಮನೆ ಎಲ್ಲ ನಾಲ್ಕು ಹೆಜ್ಜೆಯ ಅಂತರದಲ್ಲಿ.

ಅಲ್ಲಿಯ ಊಟದ ಮನೆಯಲ್ಲಿ ಒಂದು ಪದ್ಧತಿಯಿದೆ. ಪ್ರತಿಯೊಬ್ಬರ ಹೆಸರು ಬರೆದ ಪುಟ್ಟ ಚೀಲದಲ್ಲಿ ಅವರ ನ್ಯಾಪ್‌ಕಿನ್ ಇರುತ್ತದೆ. ಪ್ರತಿ ಊಟಕ್ಕೂ ಅಡುಗೆಮನೆಯವರು ಆ ಚೀಲಗಳನ್ನು ಕಲೆಸಿ ಮೇಜುಗಳ ಮೇಲೆ ಹಂಚಿಡುತ್ತಾರೆ. ನಿಮ್ಮ ಚೀಲ ಎಲ್ಲಿದೆಯೋ ಅಲ್ಲೇ ನೀವು ಕೂರಬೇಕು. ಮೊದಲ ಸಲ ಬಂದ ಸಂಶೋಧನಾ ವಿದ್ಯಾರ್ಥಿಯ ಎಡಕ್ಕೆ, ಅವಳು ಪಠ್ಯದಲ್ಲಷ್ಟೇ ಹೆಸರು ಓದಿದ್ದ ಹಿರಿಯರು ಬಂದು ಕೂರುವುದು ಹೀಗೆ. ಪರಿಚಯ ಮಾಡಿಕೊಳ್ಳುವ ಧೈರ್ಯವನ್ನು ಅವಳು ಮನೆಯಿಂದ ತರಬೇಕಾಗಿಲ್ಲ. ಅದೇ ದೇಶದ ಸಾರ್‌ಲ್ಯಾಂಡ್ ಪ್ರಾಂತ್ಯದಲ್ಲಿ 1990ರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕಾಗಿ ಆರಂಭವಾದ ಡಾಗ್‌ಸ್ಟುಲ್ ಕೇಂದ್ರವೂ ಈ ಕಲೆಸುವ ಪದ್ಧತಿಯನ್ನು ಅನುಸರಿಸುತ್ತದೆ. ಇದಕ್ಕೆ ಬಜೆಟ್ ಬೇಕಿಲ್ಲ, ಕಟ್ಟಡ ಬೇಕಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಮುಖ್ಯ ಭಾಷಣಕಾರರಿಗೆ ಬಟ್ಟೆ ಹಾಸಿದ ಬೇರೆ ಮೇಜು, ವಿದ್ಯಾರ್ಥಿಗಳಿಗೆ ತಟ್ಟೆ ಹಿಡಿದು ನಿಲ್ಲುವ ಸಾಲು. ಆ ಮೇಜನ್ನು ಹಾಕುವವರು ಮರ್ಯಾದೆಗೆಂದೇ ಹಾಕುತ್ತಾರೆ ಎಂಬುದು ನನಗೆ ಗೊತ್ತು. ಆದರೆ ದೂರದಿಂದ ಬಂದ ಹಿರಿಯರನ್ನು ಕಿರಿಯರಿಂದ ಕಾಪಾಡಿ ಕಳಿಸುವುದಾದರೆ ಅವರನ್ನು ಕರೆಸಿದ್ದು ಯಾತಕ್ಕೆ?

ಓಬರ್‌ವೋಲ್ಫಾಖ್‌ನಲ್ಲಿ ಬುಧವಾರ ಮಧ್ಯಾಹ್ನ ಉಪನ್ಯಾಸವಿಲ್ಲ. ಎಲ್ಲರೂ ಕಾಡಿನ ದಾರಿಯಲ್ಲಿ ನಡೆದು ಸಂಕ್ಟ್ ರೋಮನ್ ಎಂಬ ಊರಿಗೆ ಹೋಗಿ ಕೇಕು ತಿಂದು ಬರುತ್ತಾರೆ. ವಾರದ ನಡುವೆ ಹೀಗೆ ಅರ್ಧ ದಿನ ಬಿಡುವುದನ್ನು ನಮ್ಮ ಸಂಯೋಜಕರು ಸಮಯ ವ್ಯರ್ಥವೆನ್ನುತ್ತಾರೆ. ದಿನಕ್ಕೆ ಆರೇಳು ಉಪನ್ಯಾಸ ತುಂಬಿದರೆ ಮಾತ್ರ ಕೊಟ್ಟ ದುಡ್ಡಿಗೆ ನ್ಯಾಯ ಎಂಬ ಲೆಕ್ಕ ನಮ್ಮದು. ಮೂರನೆಯ ದಿನಕ್ಕೆ ಹಿಂದಿನ ಸಾಲಿನಲ್ಲಿ ಎಲ್ಲರೂ ತೂಕಡಿಸುತ್ತಿರುತ್ತಾರೆ.

ಇಷ್ಟು ಹೊಗಳಿದ ಮೇಲೆ ಓಬರ್‌ವೋಲ್ಫಾಖ್‌ನ ಕೊರತೆಯನ್ನೂ ಹೇಳಬೇಕು. ಅಲ್ಲಿ ಊಟ ವಸತಿ ಸಂಸ್ಥೆಯದೇ, ಆದರೆ ದಾರಿಯ ಖರ್ಚು ಸಾಮಾನ್ಯವಾಗಿ ಬರುವವರದು. ಯುರೋಪಿನವರಿಗೆ ಅದು ಒಂದು ರೈಲು ಟಿಕೆಟ್. ಧಾರವಾಡದಿಂದಲೋ ಢಾಕಾದಿಂದಲೋ ಹೊರಡುವವರಿಗೆ ಅದು ಹಲವು ತಿಂಗಳ ಸಂಬಳ. ಒಳಗೆ ಬಂದವರನ್ನು ಸಮಾನವಾಗಿ ಕೂರಿಸುವ ಮನೆ, ಬಾಗಿಲವರೆಗೆ ಬರುವ ದಾರಿಯನ್ನು ಅವರವರಿಗೇ ಬಿಟ್ಟಿದೆ.

ಆ ದಾರಿಯನ್ನೇ ಮೊದಲು ಯೋಚಿಸಿದವರು ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ. ಕೇಂಬ್ರಿಜ್‌ನಲ್ಲಿ ಓದಿ 1951ರಲ್ಲಿ ಲಾಹೋರಿಗೆ ಮರಳಿದ ಸಲಾಂ ಅವರಿಗೆ ಅಲ್ಲಿ ತಮ್ಮ ವಿಷಯ ಮಾತಾಡಲು ಒಬ್ಬರೂ ಸಿಗಲಿಲ್ಲ. 1954ರಲ್ಲಿ ಅವರು ವಾಪಸ್ ಕೇಂಬ್ರಿಜ್‌ಗೆ ಹೋಗಬೇಕಾಯಿತು. ದೇಶ ಬಿಡದೆ ವಿಜ್ಞಾನದಲ್ಲಿ ಉಳಿಯುವುದು ಹೇಗೆ ಎಂಬ ಆ ಸಂಕಟದ ಉತ್ತರವಾಗಿ 1964ರಲ್ಲಿ ಇಟಲಿಯ ಟ್ರಿಯೆಸ್ತೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನದ ಅಂತರರಾಷ್ಟ್ರೀಯ ಕೇಂದ್ರ ಹುಟ್ಟಿತು. ಅದರ ಅಸೋಸಿಯೇಟ್ ಯೋಜನೆ ನೋಡಿದರೆ ಸಾಕು. ಬಡ ದೇಶದ ವಿಜ್ಞಾನಿ ತನ್ನ ಊರಿನಲ್ಲೇ ಕೆಲಸ ಮಾಡಿಕೊಂಡಿದ್ದು, ಕೆಲವು ವರ್ಷಗಳ ಅವಧಿಯಲ್ಲಿ ಹಲವು ಬಾರಿ ಟ್ರಿಯೆಸ್ತೆಗೆ ಬಂದು ವಾರಗಟ್ಟಲೆ ಇದ್ದು ಹೋಗಬಹುದು. ಹೋಗಿಬರುವ ಖರ್ಚು ಮತ್ತು ಇರುವ ಖರ್ಚು ಎರಡೂ ಕೇಂದ್ರದ್ದು. ಕಾರ್ಯಾಗಾರಗಳಿಗೆ ನೋಂದಣಿ ಶುಲ್ಕವೂ ಇಲ್ಲ. ಸಮುದ್ರ ದಂಡೆಯಲ್ಲಿದ್ದ ಹಳೆಯ ಹೋಟೆಲೊಂದು ಅದರ ಆದ್ರಿಯಾತಿಕೋ ಗೆಸ್ಟ್ ಹೌಸ್ ಆಯಿತು. ಟ್ರಿಯೆಸ್ತೆ ಪಟ್ಟಣದಿಂದ ಗ್ರಿನ್ಯಾನೋಗೆ ಬರುವ 6ನೇ ನಂಬರಿನ ಸಿಟಿ ಬಸ್ಸು ಅಲ್ಲಿಗೆ ಹೋಗಿಬಂದ ಭಾರತೀಯ ಭೌತವಿಜ್ಞಾನಿಗಳಿಗೆಲ್ಲ ನೆನಪಿರುತ್ತದೆ. ಸಲಾಂ ಅವರಿಗೆ 1979ರಲ್ಲಿ ನೊಬೆಲ್ ಬಂದದ್ದನ್ನು ನಾವೆಲ್ಲ ಹೇಳುತ್ತೇವೆ. ವಿಮಾನದ ಟಿಕೆಟನ್ನೂ ಒಂದು ಕೋಣೆಯ ಬೀಗದ ಕೈಯನ್ನೂ ವಿಜ್ಞಾನ ನೀತಿಯ ಭಾಗವಾಗಿ ಮಾಡಿದ್ದನ್ನು ಅಷ್ಟೇ ದೊಡ್ಡ ಕೆಲಸವೆಂದು ನಾನು ಭಾವಿಸುತ್ತೇನೆ. 2014ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ನಡೆದ ವಿಶ್ವ ಗಣಿತಜ್ಞರ ಸಮ್ಮೇಳನಕ್ಕೆ ಅಭಿವೃದ್ಧಿಶೀಲ ದೇಶಗಳ 1,000 ಗಣಿತಜ್ಞರನ್ನು ನೆರವು ಕೊಟ್ಟು ಕರೆಸುವ ಯೋಜನೆ ಹಾಕಿದಾಗ ಕೊರಿಯನ್ನರು ನಡೆದದ್ದೂ ಇದೇ ದಾರಿಯಲ್ಲಿ.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವಿದೆ. ಎಲ್ಲರ ಬಾಯಲ್ಲೂ ಅದು ಐಸಿಟಿಎಸ್. 2007ರಲ್ಲಿ ಸ್ಥಾಪನೆಯಾಗಿ, ಮೊದಲ ವರ್ಷಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಳೆದು, 2015ರಲ್ಲಿ ತನ್ನದೇ ಕ್ಯಾಂಪಸ್ಸಿಗೆ ಹೋಯಿತು. ಬೇರೆ ಸಂಸ್ಥೆಗಳವರೂ ಪ್ರಸ್ತಾವ ಕೊಟ್ಟು ಇಲ್ಲಿ ಕಾರ್ಯಾಗಾರ ನಡೆಸಬಹುದು. ಗೆಸ್ಟ್ ಹೌಸು, ಊಟದ ಮನೆ, ರಾಮಾನುಜನ್, ಮಾಧವ, ಚಂದ್ರಶೇಖರ್ ಹೆಸರಿನ ಸಭಾಂಗಣಗಳು ಎಲ್ಲ ಒಂದೇ ಆವರಣದಲ್ಲಿವೆ. ನಮ್ಮಲ್ಲಿ ಓಬರ್‌ವೋಲ್ಫಾಖ್‌ನ ಗುಣವನ್ನೂ ಟ್ರಿಯೆಸ್ತೆಯ ಆಶಯವನ್ನೂ ಒಟ್ಟಿಗೆ ತರುವ ಗಂಭೀರ ಪ್ರಯತ್ನ ಇದು. ಹೆಸರಘಟ್ಟಕ್ಕೆ ಇಂಥ ಬಾಳುವೆ ಹೊಸದೂ ಅಲ್ಲ. ಪ್ರೊತಿಮಾ ಬೇಡಿ 1990ರಲ್ಲಿ ಅದೇ ಸೀಮೆಯಲ್ಲಿ ಕಟ್ಟಿದ ನೃತ್ಯಗ್ರಾಮವೂ ಗುರುಶಿಷ್ಯರು ಒಂದೇ ಕಡೆ ಉಂಡು ಮಲಗಿ ಕಲಿಯುವ ಜಾಗ.

ಆದರೆ ದೂರಕ್ಕೆ ಒಂದು ಬೆಲೆಯಿದೆ. ಅದನ್ನು ಯಾರು ತೆರುತ್ತಾರೆ ಎಂದು ಕೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಯಶವಂತಪುರ ರೈಲು ನಿಲ್ದಾಣಕ್ಕೆ ಹತ್ತಿರ. ತುಮಕೂರಿನ ಎಂಎಸ್ಸಿ ವಿದ್ಯಾರ್ಥಿ ಬೆಳಗಿನ ರೈಲಿಗೆ ಬಂದು, ಒಂದು ಉಪನ್ಯಾಸ ಕೇಳಿ, ಸಂಜೆಯ ರೈಲಿಗೆ ಮರಳಬಹುದು. ಕಾಲೇಜು ಅಧ್ಯಾಪಕರು ರಜೆ ಹಾಕದೆ ಶನಿವಾರ ಮಧ್ಯಾಹ್ನ ಬಂದು ಕೂರಬಹುದು. ಕಾರ್ಯಾಗಾರ ಹೆಸರಘಟ್ಟದ ಕಡೆಗೆ ಸರಿದಾಗ ರಾತ್ರಿ ಉಳಿಯುವವರಿಗೆ ದೊಡ್ಡ ಲಾಭ, ದಿನಕ್ಕೆ ಬಂದುಹೋಗುವವರಿಗೆ ನಷ್ಟ. ಜಾಲಹಳ್ಳಿ ಕ್ರಾಸ್‌ಗೆ ಮೆಟ್ರೊ ಇದೆ, ಅಲ್ಲಿಂದ ಚಿಕ್ಕಬಾಣಾವರ ದಾಟಿ ಮುಂದಕ್ಕೆ ರಸ್ತೆಯೇ ಗತಿ. ಊರಾಚೆ ಕ್ಯಾಂಪಸ್ ಕಟ್ಟುವ ಯಾವ ಸಂಸ್ಥೆಯೇ ಆದರೂ ತನ್ನ ಸುತ್ತಲಿನ ಐವತ್ತು ಮೈಲಿಯ ವಿದ್ಯಾರ್ಥಿಗಳಿಗೆಂದು ಒಂದು ಬಸ್ಸಿನ ವೇಳಾಪಟ್ಟಿಯನ್ನು ತನ್ನ ಕಾರ್ಯಕ್ರಮಪಟ್ಟಿಯಷ್ಟೇ ಎಚ್ಚರದಿಂದ ರೂಪಿಸಬೇಕು. ಸಂಜೆಯ ಕೊನೆಯ ಉಪನ್ಯಾಸ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನು ಆ ಬಸ್ಸು ನಿರ್ಧರಿಸುವಂತಾಗಬೇಕು. ಈಗ ಬಹುತೇಕ ಕಡೆ ಉಪನ್ಯಾಸ ಮೊದಲು, ಬಸ್ಸು ಆಮೇಲೆ.

ಇನ್ನು ಆ ಕೊನೆಯ ಪ್ಯಾರಾದ ಬರವಣಿಗೆ. ಯಾವುದೇ ಬರಹಕ್ಕೆ ಒಬ್ಬ ಓದುಗ ಇರುತ್ತಾನೆ. ಬರೆಯುವವರು ಅವನನ್ನು ಕಣ್ಣೆದುರು ಇಟ್ಟುಕೊಂಡಿರುತ್ತಾರೆ. ನಮ್ಮ ಸಂಸ್ಥೆಗಳ ಪ್ರಯಾಣ ಮಾಹಿತಿಯನ್ನು ಓದಿದರೆ ಅದರ ಓದುಗ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುವವನು, ಕೈಯಲ್ಲಿ ಕ್ರೆಡಿಟ್ ಕಾರ್ಡ್ ಇರುವವನು, ಮೊಬೈಲಿನಲ್ಲಿ ಟ್ಯಾಕ್ಸಿ ಕರೆಯಲು ಗೊತ್ತಿರುವವನು. ವಿಮಾನ ನಿಲ್ದಾಣದ ದೂರ, ಟ್ಯಾಕ್ಸಿಯ ಅಂದಾಜು ದರ, ಡ್ರೈವರಿಗೆ ತೋರಿಸಲು ನಕ್ಷೆ, ಎಲ್ಲ ಇರುತ್ತವೆ. ಮೆಜೆಸ್ಟಿಕ್‌ನಲ್ಲಿ ಬೆಳಿಗ್ಗೆ ಇಳಿಯುವವಳಿಗೆ ಯಾವ ಪ್ಲಾಟ್‌ಫಾರ್ಮಿನಲ್ಲಿ ಯಾವ ಬಸ್ಸು ಎಂಬುದು ಅಲ್ಲಿರುವುದಿಲ್ಲ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬರುವ ಸಂಶೋಧನಾ ವಿದ್ಯಾರ್ಥಿನಿಯನ್ನು ನೆನೆಸಿಕೊಳ್ಳಿ. ಅವಳು ಬೆಳಿಗ್ಗೆ ಎಂಟರ ಸುಮಾರಿಗೆ ಇಳಿಯುತ್ತಾಳೆ. ಗೆಸ್ಟ್ ಹೌಸಿನ ಕೋಣೆ ಸಿಗುವುದು ಮಧ್ಯಾಹ್ನದ ಮೇಲೆ. ಉದ್ಘಾಟನೆ ಹತ್ತಕ್ಕೆ. ರಾತ್ರಿಯೆಲ್ಲ ಪ್ರಯಾಣ ಮಾಡಿದವಳು ಮುಖ ತೊಳೆದು ಬಟ್ಟೆ ಬದಲಿಸುವುದೆಲ್ಲಿ? ಹೋಗುವ ದಿನವೂ ಇದೇ ಕಷ್ಟ. ಬೆಳಿಗ್ಗೆ ಕೋಣೆ ಖಾಲಿ ಮಾಡಬೇಕು, ರೈಲು ರಾತ್ರಿಗೆ. ಒಂದು ಬಚ್ಚಲು, ಒಂದು ಬೀಗ ಹಾಕುವ ಕೋಣೆ, ಸಾಮಾನು ನೋಡಿಕೊಳ್ಳುವ ಒಬ್ಬರು ಇದ್ದರೆ ಮುಗಿಯುವ ಸಮಸ್ಯೆ ಇದು. ಮುಗಿಯದಿರುವುದು ಏಕೆಂದರೆ ಪ್ಯಾರಾ ಬರೆದವರ ಕಣ್ಣೆದುರು ಅವಳು ಇರಲೇ ಇಲ್ಲ.

ಅವಳು ಇದ್ದಿದ್ದರೆ ಆಯ್ಕೆಯ ದಿನಾಂಕವನ್ನೂ ಬೇರೆ ಥರ ಇಡುತ್ತಿದ್ದರು. ನಮ್ಮ ರೈಲ್ವೆಯಲ್ಲಿ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ಅಕ್ಟೋಬರ್‌ವರೆಗೆ ಅದು 120 ದಿನ ಇತ್ತು. ಬೇಡಿಕೆಯ ರೈಲುಗಳಲ್ಲಿ ಸ್ಲೀಪರ್ ಮತ್ತು ಮೂರನೆಯ ದರ್ಜೆ ಎಸಿ ಬರ್ತ್‌ಗಳು ಬೇಗ ತುಂಬುತ್ತವೆ. ಆಯ್ಕೆಯಾದವರ ಪಟ್ಟಿ ಕಾರ್ಯಾಗಾರಕ್ಕೆ ಮೂರು ವಾರ ಇರುವಾಗ ಹೊರಬಿದ್ದರೆ ವಿಮಾನದಲ್ಲಿ ಬರುವವರಿಗೆ ಏನೂ ತೊಂದರೆಯಿಲ್ಲ, ಹೆಚ್ಚೆಂದರೆ ಟಿಕೆಟ್ ಸ್ವಲ್ಪ ದುಬಾರಿ. ರೈಲಿನಲ್ಲಿ ಬರುವವರಿಗೆ ವೇಟಿಂಗ್ ಲಿಸ್ಟ್. ಇ-ಟಿಕೆಟ್ ಖಚಿತವಾಗದೆ ಉಳಿದರೆ ತಾನಾಗಿ ರದ್ದಾಗುತ್ತದೆ. ಅದನ್ನು ನಂಬಿ ಕೂರಲಾಗದವರು ಹಿಂದಿನ ದಿನ ಬೆಳಿಗ್ಗೆ ಎಸಿಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ ತೆರೆಯುವ ತತ್ಕಾಲ್‌ಗಾಗಿ ಕಾಯಬೇಕು. ಒಂದು ಪಟ್ಟಿಯನ್ನು ಎಪ್ಪತ್ತು ದಿನ ಮೊದಲು ಪ್ರಕಟಿಸಲು ಆಯ್ಕೆ ಸಮಿತಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಇಡೀ ವ್ಯವಸ್ಥೆಯಲ್ಲಿ ನಾನು ಅತ್ಯಂತ ಕಟುವಾಗಿ ಆಕ್ಷೇಪಿಸುವುದು ಮರುಪಾವತಿಯ ಪದ್ಧತಿಯನ್ನು. ಮೊದಲು ನಿಮ್ಮ ದುಡ್ಡು ಹಾಕಿ ಬನ್ನಿ, ಆಮೇಲೆ ಟಿಎ ಬಿಲ್ ಕೊಡಿ, ಪಾಸಾದ ಮೇಲೆ ಖಾತೆಗೆ ಬರುತ್ತದೆ. ಹಾಗೆ ಬರಲು ನಮೂನೆ ತುಂಬಬೇಕು, ಮೂಲ ಟಿಕೆಟ್ ಲಗತ್ತಿಸಬೇಕು, ವಿಮಾನವಾದರೆ ಬೋರ್ಡಿಂಗ್ ಪಾಸ್, ಜೊತೆಗೆ ರದ್ದು ಮಾಡಿದ ಚೆಕ್ಕು, ಪಾನ್ ಕಾರ್ಡಿನ ಪ್ರತಿ, ಹಾಜರಾತಿ ಪತ್ರ. ಸಾರ್ವಜನಿಕ ಹಣಕ್ಕೆ ಲೆಕ್ಕ ಇರಲೇಬೇಕು. ಅಕೌಂಟ್ಸ್ ವಿಭಾಗದವರು ಆಡಿಟ್‌ಗೆ ಉತ್ತರ ಹೇಳಬೇಕಾದವರು, ಅವರನ್ನು ಖಳನಾಯಕರಂತೆ ಕಾಣುವುದು ಅನ್ಯಾಯ. ನನ್ನ ತಕರಾರು ಇರುವುದು ದುಡ್ಡು ಮೊದಲು ಯಾರ ಜೇಬಿನಿಂದ ಹೋಗುತ್ತದೆ ಎಂಬುದರ ಬಗ್ಗೆ. ಜೆಆರ್‌ಎಫ್ ಎಂಬ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಅರ್ಹತೆ ಇಲ್ಲದ ಪಿಎಚ್.ಡಿ. ವಿದ್ಯಾರ್ಥಿಗೆ 8,000. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಇವೆರಡೂ ಇಲ್ಲದೆ, ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ ಸಂಶೋಧನೆ ಸಾಗಿಸುವವರು ಬಹಳ ಮಂದಿ. ಅಂಥವರು ಎರಡು ಕಡೆಯ ಟಿಕೆಟ್ಟಿಗೆ ನಾಲ್ಕೈದು ಸಾವಿರ ಹೊಂದಿಸಿ, ಅದು ಯಾವ ತಿಂಗಳು ವಾಪಸ್ ಬರುತ್ತದೆಂದು ತಿಳಿಯದೆ ಕಾಯಬೇಕು. ಅಂದರೆ ಸಂಸ್ಥೆಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿರುವವರು ಆ ಸಭೆಯಲ್ಲಿ ಅತಿ ಕಡಿಮೆ ದುಡ್ಡಿರುವವರು.

ಇದರಲ್ಲಿ ಮನಸ್ಸಿಗೆ ಹೆಚ್ಚು ನೋವು ಕೊಡುವ ಅಂಶ ಬೇರೆಯೇ. ಮುಖ್ಯ ಭಾಷಣಕಾರರಿಗೆ ಅನೇಕ ಕಡೆ ಟಿಕೆಟನ್ನು ಕಚೇರಿಯೇ ಮಾಡಿಸಿ ಕಳಿಸುತ್ತದೆ. ಸರ್ಕಾರಿ ಹಣದ ವಿಮಾನ ಪ್ರಯಾಣಕ್ಕೆ ಬಾಮರ್ ಲಾರಿ, ಅಶೋಕ ಟ್ರಾವೆಲ್ಸ್, ಐಆರ್‌ಸಿಟಿಸಿ ಎಂಬ ಮೂರು ಅಧಿಕೃತ ಏಜೆಂಟರಿದ್ದಾರೆ. 21 ದಿನ ಮೊದಲೇ ಅಗ್ಗದ ದರಕ್ಕೆ ಕಾಯ್ದಿರಿಸಿ ಎಂದು 2022ರಲ್ಲಿ ಹಣಕಾಸು ಸಚಿವಾಲಯವೇ ಸೂಚಿಸಿತು. ಏಜೆಂಟರು ಇದ್ದಾರೆ, ಖಾತೆ ಇದೆ, ದಾರಿ ಗೊತ್ತಿದೆ. ಅದೇ ದಾರಿಯಲ್ಲಿ ಕಲಬುರಗಿಯ ವಿದ್ಯಾರ್ಥಿನಿಗೂ ಒಂದು ಮೂರನೆಯ ದರ್ಜೆ ಎಸಿ ಟಿಕೆಟ್ ಮಾಡಿಸಿ ಫೋನಿಗೆ ಕಳಿಸಬಹುದು. ಅವಳು ಬರದೆ ಹೋದರೆ ಆಗುವ ನಷ್ಟ ಒಂದು ಟಿಕೆಟ್ಟಿನದು. ಮೂವತ್ತು ಮಂದಿಯಲ್ಲಿ ಇಬ್ಬರು ಬರದಿದ್ದರೂ, ಮುಖ್ಯ ಭಾಷಣಕಾರರ ಒಂದು ಹೊರದೇಶದ ಟಿಕೆಟ್ಟಿನ ಮುಂದೆ ಆ ಮೊತ್ತ ಲೆಕ್ಕಕ್ಕೇ ಬರುವುದಿಲ್ಲ. ಉಳ್ಳವರಿಗೆ ಟಿಕೆಟ್, ಇಲ್ಲದವರಿಗೆ ರಸೀದಿ ಎಂಬ ಈ ಕ್ರಮವನ್ನು ಯಾವ ನಿಯಮವೂ ಕಡ್ಡಾಯ ಮಾಡಿಲ್ಲ. ಅದು ಕೇವಲ ರೂಢಿಯಿಂದ ಉಳಿದಿದೆ.

ಕೊಡುವವರೂ ಇದ್ದಾರೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಕಾಲೇಜು ಅಧ್ಯಾಪಕರಿಗೆ ನಡೆಸುವ ಪುನಶ್ಚೇತನ ಶಿಬಿರಗಳು ಹೊರಊರಿನ ಅಧ್ಯಾಪಕರಿಗೆ ರೈಲು ವೆಚ್ಚ ಮತ್ತು ಊಟ ವಸತಿಯ ಭರವಸೆ ಕೊಟ್ಟೇ ಆರಂಭವಾಗುತ್ತವೆ. ಗಣಿತದಲ್ಲಿ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ನೆರವಿನ ಎಟಿಎಂ (ಗಣಿತದ ಉನ್ನತ ತರಬೇತಿ) ಶಾಲೆಗಳು ವರ್ಷ ವರ್ಷವೂ ದೇಶದ ಬೇರೆ ಬೇರೆ ಊರುಗಳಿಗೆ ತಾವೇ ಹೋಗುತ್ತವೆ. ವಿದ್ಯಾರ್ಥಿಯನ್ನು ಮಹಾನಗರಕ್ಕೆ ಕರೆಸುವ ಬದಲು ಶಾಲೆಯೇ ಅವನ ಸಮೀಪಕ್ಕೆ ಹೋಗುವ ಆ ಯೋಚನೆ ನನಗೆ ತುಂಬ ಮೆಚ್ಚುಗೆ. ಪ್ರಯಾಣದ ಸಮಸ್ಯೆಗೆ ಅದು ಅರ್ಧ ಉತ್ತರವನ್ನು ಪ್ರಯಾಣವನ್ನೇ ತಗ್ಗಿಸಿ ಕೊಡುತ್ತದೆ.

ಕೋಣೆಗಳ ಬಗ್ಗೆ ಸ್ವಲ್ಪ. ಇಬ್ಬರಿಗೊಂದು ಕೋಣೆ ಎಂಬುದು ತಪ್ಪಲ್ಲ. ಮಣಿಪುರದವಳೂ ಮಂಡ್ಯದವಳೂ ಹದಿನೈದು ದಿನ ಒಂದೇ ಕೋಣೆಯಲ್ಲಿದ್ದು ಜೀವನಪೂರ್ತಿ ಸ್ನೇಹಿತೆಯರಾಗಿ ಹೋದ ಉದಾಹರಣೆಗಳು ಎಲ್ಲ ಸಂಸ್ಥೆಗಳಲ್ಲೂ ಇವೆ. ಆದರೆ ಯಾರ ಜೊತೆ ಎಂಬುದನ್ನು ಬಾಗಿಲಲ್ಲಿ ತಿಳಿಸಬಾರದು, ಪತ್ರದಲ್ಲೇ ತಿಳಿಸಬೇಕು. ಬೆಂಗಳೂರಿಗೆ ಬರುವ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯ ನಂತರ ಇಳಿಯುತ್ತವೆ. ರಾತ್ರಿ ಮೂರಕ್ಕೆ ಊರಾಚೆಯ ಗೇಟಿನ ಮುಂದೆ ಟ್ಯಾಕ್ಸಿಯಿಂದ ಇಳಿದ ಹೆಣ್ಣುಮಗಳ ಹೆಸರು ಸೆಕ್ಯೂರಿಟಿಯವರ ಪಟ್ಟಿಯಲ್ಲಿ ಇರಬೇಕು, ಪಟ್ಟಿ ಅವರ ಕೈಯಲ್ಲಿರಬೇಕು, ಕೇರ್‌ಟೇಕರ್ ಎದ್ದಿರಬೇಕು. ಮದುವೆ ಮನೆಯಲ್ಲಿ ರಾತ್ರಿ ಬಸ್ಸಿಗೆ ಬರುವ ನೆಂಟರನ್ನು ಕರೆತರಲೆಂದೇ ಒಬ್ಬ ಹುಡುಗನನ್ನು ನೇಮಿಸಿ, ಅವನು ವಾಪಸ್ ಬರುವವರೆಗೆ ಮನೆಯ ಹಿರಿಯರೊಬ್ಬರು ಜಗಲಿಯಲ್ಲೇ ಕೂತಿರುತ್ತಾರೆ. ನಮ್ಮ ಮನೆಗಳಿಗೆ ತಿಳಿದಿರುವ ಈ ಜವಾಬ್ದಾರಿ ನಮ್ಮ ಸಂಸ್ಥೆಗಳಲ್ಲಿ ಯಾರಿಗೂ ಸೇರದೆ ಉಳಿದಿರುತ್ತದೆ. ಸಂಯೋಜಕರು ಗೆಸ್ಟ್ ಹೌಸಿನವರು ನೋಡಿಕೊಳ್ಳುತ್ತಾರೆ ಎಂದುಕೊಂಡಿರುತ್ತಾರೆ, ಗೆಸ್ಟ್ ಹೌಸಿನವರು ಸಂಯೋಜಕರು ಹೇಳಿ ಕಳಿಸುತ್ತಾರೆ ಎಂದು.

ವಿದೇಶಿ ಅತಿಥಿಗಳಿಗೆ ಕಾಗದಪತ್ರದ ದಾರಿ ಇನ್ನೂ ಉದ್ದ. ಸಮ್ಮೇಳನ ವೀಸಾಕ್ಕೆ ಆಹ್ವಾನ ಪತ್ರದ ಜೊತೆ ಕಾರ್ಯಕ್ರಮಕ್ಕೆ ಸರ್ಕಾರದ ಅನುಮತಿಯೂ ಬೇಕು. ಬಂದ ಮೇಲೆ ಅವರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ನಿಗದಿತ ಫಾರ್ಮ್ ತುಂಬಿ ಸಲ್ಲಿಸಬೇಕು. ಇದು ಕಾನೂನು, ಇದರಲ್ಲಿ ಸಂಸ್ಥೆಗಳ ತಪ್ಪಿಲ್ಲ. ತಪ್ಪಾಗುವುದು ಅನುಮತಿಗೆ ತಡವಾಗಿ ಬರೆದಾಗ. ಯುರೋಪಿನ ಪ್ರಾಧ್ಯಾಪಕರಿಗೆ ಹೇಗೋ ವೀಸಾ ಸಿಕ್ಕಿಬಿಡುತ್ತದೆ, ನೆರೆಹೊರೆಯ ದೇಶದ ವಿದ್ಯಾರ್ಥಿಗೆ ಸಿಗದೆ ಉಳಿಯುತ್ತದೆ.

ಊಟದ ವಿಷಯದಲ್ಲಿ ನಮ್ಮ ಸಂಸ್ಥೆಗಳು ಧಾರಾಳ. ಬೆಳಗಿನ ಇಡ್ಲಿ ವಡೆ, ಹನ್ನೊಂದರ ಕಾಫಿ, ಮೊಸರನ್ನ ಯಾವುದಕ್ಕೂ ಕೊರತೆಯಿಲ್ಲ. ಆದರೂ ಊಟ ಎಂಬುದು ಹೊಟ್ಟೆಯ ಪ್ರಶ್ನೆ ಮಾತ್ರವಲ್ಲ ಎಂದು ನೆನಪಿಸಲು ರಾಮಾನುಜನ್ ಸಾಕು. 1914ರ ಏಪ್ರಿಲಿನಲ್ಲಿ ಇಂಗ್ಲೆಂಡ್ ತಲುಪಿದ ಅವರನ್ನು ಬರಮಾಡಿಕೊಳ್ಳಲು ಕೇಂಬ್ರಿಜ್‌ನ ಗಣಿತಜ್ಞ ನೆವಿಲ್ ಕಾರು ತಂದಿದ್ದರು, ಮೊದಲ ವಾರಗಳಲ್ಲಿ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಅಷ್ಟು ಒಳ್ಳೆಯ ಸ್ವಾಗತ. ಆಮೇಲೆ ಟ್ರಿನಿಟಿ ಕಾಲೇಜಿನ ಕೋಣೆಯಲ್ಲಿ ರಾಮಾನುಜನ್ ತಮ್ಮ ಸಸ್ಯಾಹಾರವನ್ನು ತಾವೇ ಬೇಯಿಸಿಕೊಳ್ಳಬೇಕಾಯಿತು. ಯುದ್ಧದ ಕಾಲದಲ್ಲಿ ಬೇಕಾದ ಪದಾರ್ಥಗಳೂ ದುರ್ಲಭವಾದವು. ಕಾಲೇಜಿನ ದೊಡ್ಡ ಊಟದ ಸಾಲೆಯಲ್ಲಿ ಎಲ್ಲರೂ ಸೇರುತ್ತಿದ್ದಾಗ ಅವರು ಒಬ್ಬರೇ ಕೋಣೆಯಲ್ಲಿ. ಇವತ್ತು ನಮ್ಮ ಊಟದ ಮನೆಗಳಲ್ಲಿ ಖಾರ ತಿನ್ನಲಾರದ ಜಪಾನಿನವರು, ಮೀನಿಲ್ಲದೆ ಉಣ್ಣಲಾರದ ಬಂಗಾಳದವರು, ಹಲಾಲ್ ಕೇಳಲು ಸಂಕೋಚಪಡುವವರು ಇರುತ್ತಾರೆ. ನೋಂದಣಿಯ ನಮೂನೆಯಲ್ಲಿ ಒಂದು ಸಾಲು ಕೇಳಿದರೆ ಅವರಾರೂ ತಟ್ಟೆ ಹಿಡಿದು ಮೂಲೆಗೆ ಹೋಗಬೇಕಿಲ್ಲ.

ಮಕ್ಕಳ ಬಗ್ಗೆ ನಮ್ಮ ಪತ್ರಗಳು ಸಂಪೂರ್ಣ ಮೌನ. ಅಮೆರಿಕದ ಕೊಲರಾಡೋದಲ್ಲಿ 1962ರಲ್ಲಿ ಆರಂಭವಾದ ಆಸ್ಪೆನ್ ಭೌತವಿಜ್ಞಾನ ಕೇಂದ್ರಕ್ಕೆ ವಿಜ್ಞಾನಿಗಳು ಬೇಸಿಗೆಯಲ್ಲಿ ಸಂಸಾರ ಸಮೇತ ಬರುತ್ತಾರೆ. ನಮ್ಮಲ್ಲಿ ಎರಡು ವರ್ಷದ ಮಗುವಿರುವ ಸಂಶೋಧಕಿಗೆ ಹದಿನೈದು ದಿನದ ಕಾರ್ಯಾಗಾರ ಎಂದರೆ ಮಗುವನ್ನು ಅಮ್ಮನ ಮನೆಯಲ್ಲಿ ಬಿಡುವುದು ಅಥವಾ ಬರುವುದಿಲ್ಲವೆಂದು ಬರೆಯುವುದು. ಅಮ್ಮನನ್ನೋ ಅತ್ತೆಯನ್ನೋ ಜೊತೆಗೆ ಕರೆತಂದರೆ ಅದೇ ಕೋಣೆಯಲ್ಲಿ ಇರಬಹುದು, ಊಟದ ದುಡ್ಡು ಇಷ್ಟಾಗುತ್ತದೆ, ಗೆಸ್ಟ್ ಹೌಸಿನಲ್ಲಿ ಹಾಲು ಕಾಯಿಸಿಕೊಳ್ಳಬಹುದು: ಮೂರು ವಾಕ್ಯ. ಆ ಮೂರು ವಾಕ್ಯ ಇಲ್ಲದಿರುವುದರಿಂದ ಎಷ್ಟೋ ಮಂದಿ ಅರ್ಜಿಯನ್ನೇ ಹಾಕುವುದಿಲ್ಲ. ಕೇಳಬಹುದೋ ಇಲ್ಲವೋ ಎಂಬ ಅನುಮಾನದಲ್ಲೇ ಕೊನೆಯ ದಿನಾಂಕ ದಾಟಿಹೋಗುತ್ತದೆ.

ಕಾರ್ಯಾಗಾರ ಮುಗಿದ ಮೇಲೆ ಸಂಸ್ಥೆಗಳು ವರದಿ ಬರೆಯುತ್ತವೆ. ಎಷ್ಟು ಉಪನ್ಯಾಸ, ಎಷ್ಟು ಮಂದಿ, ಎಷ್ಟು ದೇಶ, ಎಷ್ಟು ವಿಶ್ವವಿದ್ಯಾಲಯ. ಆ ವರದಿಗೆ ಇನ್ನೊಂದು ಕಾಲಂ ಸೇರಬೇಕು: ಆಯ್ಕೆಯಾಗಿಯೂ ಬಾರದವರು ಎಷ್ಟು, ಏಕೆ. ಕಾರಣ ತಿಳಿಯಲು ಒಂದೊಂದು ಫೋನ್ ಸಾಕು. ಟಿಕೆಟ್ ಸಿಗಲಿಲ್ಲ ಎಂದು ಒಬ್ಬರು ಹೇಳಬಹುದು, ಕೈಯಲ್ಲಿ ದುಡ್ಡಿರಲಿಲ್ಲ ಎಂದು ಇನ್ನೊಬ್ಬರು. ವೀಸಾ ಬರಲಿಲ್ಲ, ಮಗುವಿಗೆ ಜ್ವರ, ರಾತ್ರಿ ಒಬ್ಬಳೇ ಬರಲು ಮನೆಯಲ್ಲಿ ಒಪ್ಪಲಿಲ್ಲ ಎಂದೂ ಕೇಳಿಬರಬಹುದು. ದುಡ್ಡಿರಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲು ಬಹಳ ಮಂದಿಗೆ ನಾಚಿಕೆ. ಆದ್ದರಿಂದ ಕೇಳುವವರು ವಿದ್ಯಾರ್ಥಿಗಳ ಜೊತೆ ಸಲಿಗೆಯಿಂದ ಮಾತಾಡಬಲ್ಲ ಕಿರಿಯರೇ ಆಗಿರಲಿ. ಈ ಉತ್ತರಗಳು ಮುಂದಿನ ವರ್ಷದ ಬಜೆಟ್ ಹಂಚುವ ಸಮಿತಿಯ ಮುಂದೆ, ಉಪನ್ಯಾಸಕಾರರ ಪಟ್ಟಿಯನ್ನು ಚರ್ಚೆಗೆ ಎತ್ತಿಕೊಳ್ಳುವ ಮೊದಲೇ ಬರಬೇಕು.